ಇನ್ನೂ ಓಡುವ ಟಿವಿ ಗೇಮ್

ವಿಡಿಯೋ ಗೇಮಿನ ವಿಷಯವನ್ನು ಬಾನುಲಿಯಲ್ಲಿ ಹೇಳುವುದು ಸ್ವಲ್ಪ ಪಜೀತಿಯ ಕೆಲಸ, ಚಿತ್ರ ತೋರಿಸುವ ಹಾಗಿಲ್ಲ. ಆದ್ದರಿಂದ ಸದ್ದಿನಿಂದಲೇ ಶುರು ಮಾಡುತ್ತೇನೆ. 'ಸೂಪರ್ ಮಾರಿಯೋ ಬ್ರದರ್ಸ್' ಆಟದ ಮೊದಲ ಸ್ಟೇಜಿನ ಸಂಗೀತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆ ಕಳೆದ ಮಕ್ಕಳಿಗಂತೂ ಬಾಯಿಪಾಠ. ಕೋಜಿ ಕೊಂಡೋ ಎಂಬ ಜಪಾನಿ ಸಂಗೀತಗಾರ 1985ರಲ್ಲಿ ಕಟ್ಟಿದ ಸಂಗೀತ ಅದು. ಅದನ್ನು ನುಡಿಸುವ ಪೆಟ್ಟಿಗೆಗಳು ನಮ್ಮ ಮನೆಯಲ್ಲಿ ಎರಡಿವೆ. ಒಂದು ಜಪಾನಿನಲ್ಲೇ ತಯಾರಾದ ಅಸಲಿ ನಿಂಟೆಂಡೋ. ಅದರ ಪೂರ್ತಿ ಹೆಸರು 'ಫ್ಯಾಮಿಲಿ ಕಂಪ್ಯೂಟರ್', ಚಿಕ್ಕದಾಗಿ 'ಫ್ಯಾಮಿಕಾಮ್'. ಇನ್ನೊಂದು, ನಮ್ಮೂರಿನ ಫ್ಯಾನ್ಸಿ ಸ್ಟೋರಿನಲ್ಲಿ ಅಪ್ಪ ಕೊಡಿಸಿದ ನಕಲಿ ಟಿವಿ ಗೇಮ್. ಎರಡನ್ನೂ ಒಂದರ ಹಿಂದೆ ಒಂದು ಹಚ್ಚಿ ಕೇಳಿದರೆ ಮಾರಿಯೋ ಅದೇ, ಸಂಗೀತ ಅದೇ. ಆದರೆ ನಕಲಿ ಪೆಟ್ಟಿಗೆಯಲ್ಲಿ ಅದು ನಿಧಾನ. ದನಿಯ ಗುಣವೂ ಬೇರೆ.

ಕಾರಣ ನಮ್ಮ ದೇಶದ ಟಿವಿ. ಜಪಾನ್ ಮತ್ತು ಅಮೆರಿಕದ ಹಳೇ ಟಿವಿಗಳು ಸೆಕೆಂಡಿಗೆ 60 ಸಲ ಪರದೆಯನ್ನು ಮೇಲಿಂದ ಕೆಳಗೆ ಬರೆಯುತ್ತಿದ್ದವು, ನಮ್ಮವು 50 ಸಲ. ಆಗಿನ ಆಟಗಳು ಕಾಲವನ್ನು ಅಳೆಯುತ್ತಿದ್ದುದು ಈ ಲೆಕ್ಕದಲ್ಲೇ. ಪರದೆ ಒಂದು ಸುತ್ತು ಬರೆದು ಮುಗಿಸಿದಾಗ ಮಾರಿಯೋ ಒಂದು ಹೆಜ್ಜೆ ಸರಿಯುತ್ತಾನೆ, ಸಂಗೀತವೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ನಮ್ಮ ಟಿವಿಗೆ ಹೊಂದುವಂತೆ ಮಾಡಿದ ಪೆಟ್ಟಿಗೆಗಳಲ್ಲಿ ಹೀಗಾಗಿ ಆಟವೂ ಹಾಡೂ ಆರನೇ ಒಂದು ಪಾಲು ನಿಧಾನ. ಶ್ರುತಿ ಮಾತ್ರ ಇಳಿಯುವುದಿಲ್ಲ, ಏಕೆಂದರೆ ಸ್ವರ ಹುಟ್ಟಿಸುವ ಚಿಪ್ಪಿನ ಓಟ ಹೆಚ್ಚುಕಡಿಮೆ ಮೊದಲಿನಷ್ಟೇ. ಇದರ ಜೊತೆಗೆ ಇನ್ನೊಂದು ಎಡವಟ್ಟು. ಅಸಲಿ ಚಿಪ್ಪಿನಲ್ಲಿ ಸ್ವರಕ್ಕೆ ತೆಳು ದನಿ, ದಪ್ಪ ದನಿ ಎಂದು ಆರಿಸಿಕೊಳ್ಳುವ ಅವಕಾಶವಿದೆ. ಹಲವು ನಕಲಿ ಚಿಪ್ಪುಗಳಲ್ಲಿ ಇವುಗಳ ಪೈಕಿ ಎರಡು ಅದಲುಬದಲಾಗಿ ಕೂತವು. ತೆಳುವಾಗಿ ಕೇಳಬೇಕಾದ್ದು ದಪ್ಪವಾಗಿ, ದಪ್ಪಗಿರಬೇಕಾದ್ದು ತೆಳುವಾಗಿ ಕೇಳಿಸಿತು. ಕೊಂಡೋ ಬರೆದ ಸಂಗೀತವನ್ನು ನಮ್ಮ ಕಡೆಯ ಒಂದು ತಲೆಮಾರು ಕೊಂಡೋ ಎಂದೂ ಬರೆಯದ ಗತಿಯಲ್ಲಿ, ಅವರು ಆರಿಸದ ದನಿಯಲ್ಲಿ ಕೇಳಿ ಬೆಳೆಯಿತು.

ಈಗ ಮೊಬೈಲಿನಲ್ಲೇ ಹಳೇ ಆಟಗಳೆಲ್ಲ ಸಿಗುವಾಗ ಈ ಗುಜರಿ ಯಾಕೆ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಇದು. ಆಟ ಬರೀ ಕ್ಯಾಸೆಟ್ಟಿನೊಳಗೆ ಇರುವುದಿಲ್ಲ. ಚಿಪ್ಪು, ಕರೆಂಟು, ಟಿವಿ, ಕೈಯಲ್ಲಿರುವ ರಿಮೋಟು, ಯಾವ ದೇಶ ಎನ್ನುವುದು ಕೂಡ, ಎಲ್ಲ ಸೇರಿ ಆಟವಾಗುತ್ತದೆ. ಎಮ್ಯುಲೇಟರ್ ಎಂಬ ತಂತ್ರಾಂಶ ಹಳೇ ಯಂತ್ರದ ವೇಷ ಕಟ್ಟಿ ಆಟವನ್ನು ಮೊಬೈಲಿನಲ್ಲಿ ಓಡಿಸುತ್ತದೆ. ಒಳ್ಳೆಯದೇ, ನಾನೂ ಬಸ್ಸಿನಲ್ಲಿ ಕೂತು ಆಡುತ್ತೇನೆ. ಆದರೆ ಅದು ಕಟ್ಟುವುದು ಸಾಮಾನ್ಯವಾಗಿ ಜಪಾನಿನ ಅಥವಾ ಅಮೆರಿಕದ ಪೆಟ್ಟಿಗೆಯ ವೇಷ. ನಾನು ಚಿಕ್ಕಂದಿನಲ್ಲಿ ಆಡಿದ ನಿಧಾನದ ಮಾರಿಯೋ ಬೇಕೆಂದರೆ ಆ ನಕಲಿ ಪೆಟ್ಟಿಗೆಯನ್ನೇ ಹಚ್ಚಬೇಕು.

ನಕಲಿ ಎಂದಾಕ್ಷಣ ಮೂಗು ಮುರಿಯಬೇಡಿ. ಫ್ಯಾಮಿಕಾಮ್ ಜಪಾನಿನ ಅಂಗಡಿಗೆ ಬಂದದ್ದು 1983ರ ಜುಲೈ 15ರಂದು, ಬೆಲೆ 14,800 ಯೆನ್. ಆಮೇಲೆ ತೈವಾನಿನ ಯುಎಂಸಿಯಂಥ ಚಿಪ್ ಕಂಪನಿಗಳು ಅದರ ಪಡಿಯಚ್ಚನ್ನು ತಯಾರಿಸಿದವು. ಆ ಚಿಪ್ಪು ಹಾಕಿದ ಪೆಟ್ಟಿಗೆಗಳು ನಿಂಟೆಂಡೋ ಕಾಲಿಡದ ದೇಶಗಳಿಗೆಲ್ಲ ಹೋದವು. ರಷ್ಯಾದಲ್ಲಿ 1992ರ ಕೊನೆಗೆ 'ಡೆಂಡಿ' ಎಂಬ ಹೆಸರಿನಲ್ಲಿ ಬಂದದ್ದು ಇದೇ, ಪೋಲೆಂಡಿನಲ್ಲಿ 'ಪೆಗಾಸಸ್' ಆದದ್ದೂ ಇದೇ. ಅಲ್ಲಿಯವರು ಇವತ್ತಿಗೂ ಆ ಹೆಸರುಗಳನ್ನು ಅಕ್ಕರೆಯಿಂದ ನೆನೆಯುತ್ತಾರೆ. ನಮ್ಮಲ್ಲಿ ಡಬ್ಬದ ಮೇಲೆ ಏನೇನೋ ಹೆಸರು ಅಚ್ಚಾಗಿರುತ್ತಿತ್ತು, ಯಾರೂ ಓದುತ್ತಿರಲಿಲ್ಲ. 'ಟಿವಿ ಗೇಮ್' ಎಂದರೆ ಸಾಕಿತ್ತು. ಬೆಂಗಳೂರಿನವರು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿಗೆ ಹೋಗಿ ಚೌಕಾಸಿ ಮಾಡಿ ತರುತ್ತಿದ್ದರು. ನಮ್ಮಂಥ ಊರುಗಳಲ್ಲಿ ಗಿಫ್ಟ್ ಸೆಂಟರು, ಫ್ಯಾನ್ಸಿ ಸ್ಟೋರು, ವಾಚ್ ರಿಪೇರಿ ಅಂಗಡಿಗಳಲ್ಲಿ ಸಿಗುತ್ತಿತ್ತು. ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಕೊಟ್ಟವನ ಕ್ಯಾಸೆಟ್ಟು ವಾಪಸ್ ಬಾರದೆ ಮುರಿದುಬಿದ್ದ ಸ್ನೇಹಗಳು ಒಂದೆರಡಲ್ಲ.

ಆ ಕ್ಯಾಸೆಟ್ಟುಗಳ ಮೇಲಿನ ಚೀಟಿಯಲ್ಲಿ '9999999 ಇನ್ 1' ಎಂದು ಬರೆದಿರುತ್ತಿತ್ತು. ಒಂದು ಕೋಟಿಗೆ ಒಂದೇ ಒಂದು ಕಡಿಮೆ! ಒಳಗೆ ಇರುತ್ತಿದ್ದುದು ಬೆರಳೆಣಿಕೆಯ ಆಟಗಳು. ಉಳಿದದ್ದೆಲ್ಲ ಅವೇ ಆಟಗಳು ಬೇರೆ ಹೆಸರಿನಲ್ಲಿ, ಬೇರೆ ಸ್ಟೇಜಿನಿಂದ ಶುರುವಾಗುವಂಥವು. ಪಟ್ಟಿಯನ್ನು ಕೆಳಕ್ಕೆ ಜಾರಿಸುತ್ತ ಹೋದ ಹಾಗೆ ಹೊಸದೇನೋ ಸಿಕ್ಕೀತು ಎಂಬ ಆಸೆ ಮಾತ್ರ ಕೊನೆಯವರೆಗೂ ಬಿಡುತ್ತಿರಲಿಲ್ಲ. ಇವೆಲ್ಲ ಹಕ್ಕುಸ್ವಾಮ್ಯ ಮುರಿದು ಮಾಡಿದ ಕಳ್ಳ ಪ್ರತಿಗಳು ಎನ್ನುವುದನ್ನು ಮುಚ್ಚಿಡಬೇಕಿಲ್ಲ. ನಮ್ಮ ಮಧ್ಯಮ ವರ್ಗದ ಮನೆಗಳಿಗೆ ವಿಡಿಯೋ ಗೇಮ್ ಬಂದದ್ದು ಆ ದಾರಿಯಿಂದಲೇ.

ಇನ್ನು ಅಸಲಿಯ ಒಳಗನ್ನು ನೋಡೋಣ. ನಿಂಟೆಂಡೋ 1889ರಲ್ಲಿ ಕ್ಯೋಟೋದಲ್ಲಿ ಇಸ್ಪೀಟಿನಂಥ ಹೂವಿನ ಎಲೆಗಳನ್ನು ಮಾಡುತ್ತ ಶುರುವಾದ ಕಂಪನಿ. ಅಲ್ಲಿನ ಇಂಜಿನಿಯರ್ ಮಸಾಯುಕಿ ಉಯೆಮುರಾ ಮತ್ತು ಅವರ ತಂಡ ಫ್ಯಾಮಿಕಾಮ್ ರೂಪಿಸಿತು. ಮುಂದೆ ಅವರು ಕ್ಯೋಟೋದ ರಿತ್ಸುಮೇಕನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಆದರು. 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ಪೆಟ್ಟಿಗೆ ಅಗ್ಗವಾಗಿರಬೇಕು ಎಂಬುದು ಮಾಲೀಕರ ಹಟ. ಹಾಗಾಗಿ ಕೆಲಸದ ಮೆಮೊರಿ ಬರೀ 2 ಕಿಲೋಬೈಟು. ಪರದೆಯ ಚಿತ್ರದ ಲೆಕ್ಕಕ್ಕೆ ಇನ್ನೊಂದು 2 ಕಿಲೋಬೈಟು. ಪರದೆ ಎಂದರೆ 256 ಅಡ್ಡ, 240 ಉದ್ದದ ಚುಕ್ಕಿಗಳು. ಸದ್ದಿಗೆ ಐದು ದಾರಿ. ಎರಡರಲ್ಲಿ ರಾಗ, ಮೂರನೆಯದರಲ್ಲಿ ಕೆಳಸ್ಥಾಯಿ, ನಾಲ್ಕನೆಯದು ಬರೀ ಗೊರ ಗೊರ ಸದ್ದು, ತಾಳಕ್ಕೆ. ಐದನೆಯದರಲ್ಲಿ ಮೊದಲೇ ಮುದ್ರಿಸಿಟ್ಟ ಸಣ್ಣ ತುಣುಕುಗಳು. ನಿಮ್ಮ ತಲೆಯಲ್ಲಿರುವ ಮಾರಿಯೋ ಸಂಗೀತದ ತಾಳವನ್ನು ಒಮ್ಮೆ ನೆನಪಿಸಿಕೊಳ್ಳಿ. ಅದು ಡ್ರಮ್ಮಲ್ಲ, ಆ ಗೊರ ಗೊರವನ್ನು ಕತ್ತರಿಸಿ ಕತ್ತರಿಸಿ ಹೊಂದಿಸಿದ್ದು.

ಮಾರಿಯೋ ಆಟ ಪೂರ್ತಿ ಸೇರಿ 40 ಕಿಲೋಬೈಟು. ಅಷ್ಟರಲ್ಲಿ 32 ಸ್ಟೇಜು ಹಿಡಿಸಬೇಕಿತ್ತು. ಆ ಇಕ್ಕಟ್ಟು ಕಣ್ಣಿಗೆ ಕಾಣುತ್ತದೆ. ಮೊದಲ ಸ್ಟೇಜಿನಲ್ಲಿ ಮೇಲಿರುವ ಬಿಳಿ ಮೋಡವನ್ನೂ ನೆಲದಲ್ಲಿರುವ ಹಸಿರು ಪೊದೆಯನ್ನೂ ಗಮನಿಸಿ ನೋಡಿ. ಎರಡೂ ಒಂದೇ ಚಿತ್ರ! ಬಣ್ಣ ಮಾತ್ರ ಬದಲು, ಪೊದೆಯ ಬುಡ ನೆಲದ ಅಂಚಿಗೆ ಮುಚ್ಚಿಹೋಗಿದೆ ಅಷ್ಟೆ. ಮಾರಿಯೋನ ಮೀಸೆಯದ್ದೂ ಇದೇ ಕತೆ. 1981ರ 'ಡಾಂಕಿ ಕಾಂಗ್' ಆಟಕ್ಕೆ ಶಿಗೆರು ಮಿಯಾಮೋಟೋ ಅವನನ್ನು ಮೊದಲು ಬರೆದಾಗ ಇದ್ದ ಚುಕ್ಕಿಗಳಲ್ಲಿ ಬಾಯಿ ಬಿಡಿಸುವುದು ಕಷ್ಟವಾಯಿತು, ಮೀಸೆ ಇಟ್ಟರು. ಕೂದಲು ಬಿಡಿಸುವ ತಾಪತ್ರಯ ಬೇಡವೆಂದು ಟೋಪಿ ಹಾಕಿದರು. ಜಗತ್ತಿಗೆಲ್ಲ ಗುರುತಾಗಿರುವ ಆ ಮುಖ ಹುಟ್ಟಿದ್ದು ಜಾಗದ ಅಭಾವದಿಂದ.

ಇನ್ನೊಂದು ಇಕ್ಕಟ್ಟು ನಿಮಗೆಲ್ಲ ಗೊತ್ತು, ಕಾರಣ ಗೊತ್ತಿರಲಿಕ್ಕಿಲ್ಲ. 'ಕಾಂಟ್ರಾ' ಆಡುವಾಗ ಗುಂಡುಗಳೂ ಶತ್ರುಗಳೂ ಒಟ್ಟಿಗೆ ಬಂದರೆ ಎಲ್ಲ ಮಿಣಮಿಣ ಎನ್ನುತ್ತಿದ್ದವಲ್ಲ, ಟಿವಿ ಕೆಟ್ಟಿತೇನೋ ಎಂದು ತಲೆಗೆ ಒಂದು ಏಟು ಕೊಡುತ್ತಿದ್ದೆವಲ್ಲ, ಅದು ಟಿವಿಯ ತಪ್ಪಲ್ಲ. ಫ್ಯಾಮಿಕಾಮಿನ ಚಿತ್ರದ ಚಿಪ್ಪು ಪರದೆಯ ಒಂದು ಅಡ್ಡಗೆರೆಯಲ್ಲಿ ಚಲಿಸುವ ತುಣುಕುಗಳನ್ನು ಎಂಟರವರೆಗೆ ಮಾತ್ರ ತೋರಿಸಬಲ್ಲದು. ಎಂಟು ಸೀಟಿನ ವ್ಯಾನಿಗೆ ಹನ್ನೆರಡು ಜನ ಬಂದ ಹಾಗೆ. ಒಂಬತ್ತನೆಯದು ಬಂದರೆ ಅದು ಕಾಣುವುದೇ ಇಲ್ಲ. ಹಾಗೆ ಕಾಣದ ಗುಂಡು ಬಡಿದು ಸತ್ತರೆ ಆಡುವವನಿಗೆ ಅನ್ಯಾಯ. ಅದಕ್ಕೆ ಪ್ರೋಗ್ರಾಮ್ ಬರೆದವರು ಒಂದು ಉಪಾಯ ಮಾಡಿದರು. ಪ್ರತಿ ಸುತ್ತಿಗೂ ಬೇರೆ ಬೇರೆಯವರನ್ನು ಹೊರಗೆ ನಿಲ್ಲಿಸುವುದು. ಒಂದು ಸುತ್ತಿನಲ್ಲಿ ಕಾಣದ್ದು ಮುಂದಿನ ಸುತ್ತಿನಲ್ಲಿ ಕಾಣುತ್ತದೆ. ಕಣ್ಣಿಗೆ ಅದು ಮಿಣುಕಾಟ. ಈಗ ಎಮ್ಯುಲೇಟರುಗಳಲ್ಲಿ ಈ ಮಿತಿಯನ್ನು ತೆಗೆದುಹಾಕುವ ಒಂದು ಆಯ್ಕೆ ಇರುತ್ತದೆ, ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ. ನನಗದು ರುಚಿಸುವುದಿಲ್ಲ. ಮಿಣುಕು ಶುರುವಾದ ಕೂಡಲೇ 'ಈಗ ಕಷ್ಟ ಬಂತು' ಎಂದು ಬೆರಳಿಗೇ ಗೊತ್ತಾಗುತ್ತಿತ್ತು.

ಬಾತುಕೋಳಿ ಹೊಡೆಯುವ ಗನ್ನಿನ ಮಾತು ಬಿಡಲಾರೆ. 1984ರ 'ಡಕ್ ಹಂಟ್'. ನಮ್ಮ ನಕಲಿ ಪೆಟ್ಟಿಗೆಯ ಜೊತೆ ಪಿಸ್ತೂಲಿನಂಥದೊಂದು ಪುಕ್ಕಟೆ ಬರುತ್ತಿತ್ತು. ಹುಲ್ಲಿನಿಂದ ಬಾತುಕೋಳಿ ಹಾರುತ್ತದೆ, ಗುರಿಯಿಟ್ಟು ಕುದುರೆ ಎಳೆದರೆ ದೊಪ್ಪೆಂದು ಬೀಳುತ್ತದೆ. ತಪ್ಪಿದರೆ ನಾಯಿ ಎದ್ದು ಕಿಸಕ್ಕನೆ ನಗುತ್ತದೆ. ಆ ನಾಯಿಗೆ ಗುಂಡಿಕ್ಕಲು ಪ್ರಯತ್ನಿಸದ ಮಗು ಭೂಮಿಯ ಮೇಲಿರಲಿಕ್ಕಿಲ್ಲ. ಗುಂಡು ಅದಕ್ಕೆ ತಾಗುವುದೇ ಇಲ್ಲ. ಗನ್ನಿನಿಂದ ಏನೋ ಕಿರಣ ಹೋಗಿ ಟಿವಿಗೆ ಬಡಿಯುತ್ತದೆ ಎಂದೇ ನಾವೆಲ್ಲ ನಂಬಿದ್ದು. ನಿಜ ಅದರ ತಿರುವುಮುರುವು. ಗನ್ನು ಏನನ್ನೂ ಬಿಡುವುದಿಲ್ಲ, ನೋಡುತ್ತದೆ. ಕುದುರೆ ಎಳೆದ ಮರುಕ್ಷಣ ಆಟ ಇಡೀ ಪರದೆಯನ್ನು ಕಪ್ಪು ಮಾಡುತ್ತದೆ, ಆಮೇಲಿನ ಸುತ್ತಿನಲ್ಲಿ ಬಾತುಕೋಳಿ ಇದ್ದ ಜಾಗದಲ್ಲಷ್ಟೇ ಬಿಳಿ ಚೌಕ ತೋರಿಸುತ್ತದೆ. ಗನ್ನಿನ ಬಾಯಲ್ಲಿರುವ ಬೆಳಕಿನ ಕಣ್ಣು ಮೊದಲು ಕಪ್ಪನ್ನೂ ಆಮೇಲೆ ಬಿಳಿಯನ್ನೂ ಕಂಡರೆ ಗುರಿ ಸರಿ. ಮೊದಲು ಕಪ್ಪು ಕಾಣಲೇಬೇಕು ಎಂಬ ನಿಯಮ ಯಾಕೆಂದರೆ, ಇಲ್ಲದಿದ್ದರೆ ಕಿಲಾಡಿ ಹುಡುಗರು ಬಲ್ಬಿನ ಕಡೆ ಗುರಿಯಿಟ್ಟು ಎಲ್ಲ ಬಾತುಕೋಳಿಗಳನ್ನೂ ಉರುಳಿಸಿಬಿಡುತ್ತಿದ್ದರು. ಇಷ್ಟೆಲ್ಲ ನಡೆಯುವುದು ರೆಪ್ಪೆ ಬಡಿಯುವುದರೊಳಗೆ. ಹೊಸ ಚಪ್ಪಟೆ ಟಿವಿಗೆ ಚಿತ್ರ ಬಂದಮೇಲೆ ಅದನ್ನು ಹಿಗ್ಗಿಸಿ ತಿದ್ದಿ ತೋರಿಸಲು ಸ್ವಲ್ಪ ಸಮಯ ಬೇಕು. ಬಿಳಿ ಚೌಕ ಬರುವಷ್ಟರಲ್ಲಿ ಆಟ ಲೆಕ್ಕ ಮುಗಿಸಿರುತ್ತದೆ. ಗುರಿ ಎಷ್ಟೇ ಸರಿಯಿರಲಿ, ನಾಯಿ ನಗುತ್ತದೆ.

ಹೀಗಾಗಿ ಹಳೇ ಪೆಟ್ಟಿಗೆ ಇಟ್ಟುಕೊಂಡವನಿಗೆ ಹಳೇ ಡಬ್ಬಾ ಟಿವಿಯೂ ಬೇಕು. ಒಂದು ಕಾಲಕ್ಕೆ ಮದುವೆಯ ಉಡುಗೊರೆಯಾಗಿ, ಕಂತಿನ ಮೇಲೆ, ಹಾರ ಹಾಕಿ ಮನೆಗೆ ತಂದ ಟಿವಿಗಳು ಇವತ್ತು ರಿಪೇರಿ ಅಂಗಡಿಗಳ ಹಿಂದೆ ಒಂದರ ಮೇಲೊಂದು ಬಿದ್ದಿವೆ. ನಮ್ಮ ಬೀದಿಯ ರಿಪೇರಿಯವರ ಹತ್ತಿರ ಇಪ್ಪತ್ತೊಂದು ಇಂಚಿನದೊಂದು ಕೊಡ್ತೀರಾ ಎಂದು ಕೇಳಿದೆ. 

'ಟಿವಿ ಯಾರಿಗೆ ಸಾರ್?' 

'ನನಗೇ.' 

'ಮನೇಲಿ ದೊಡ್ಡ ಎಲ್‌ಇಡಿ ಇದೆಯಲ್ಲ ಸಾರ್, ನಾನೇ ಗೋಡೆಗೆ ಹಾಕಿಕೊಟ್ಟಿದ್ದು.' 

ಗೇಮಿಗೆ ಎಂದೆ. ಅವರು ನನ್ನನ್ನು ಒಮ್ಮೆ ನೋಡಿ, ಒಳಗಿಂದ ಒಂದನ್ನು ಹೊತ್ತು ತಂದು, ಧೂಳು ಒರೆಸಿ, ಬಣ್ಣ ಸರಿಮಾಡಿ, ಹಿಂದಿನ ಎವಿ ಸಾಕೆಟ್ಟಿಗೆ ಹೊಸ ಬೆಸುಗೆ ಹಾಕಿಕೊಟ್ಟರು. 'ಇದನ್ನ ತೂಕಕ್ಕೂ ಕೇಳೋರಿಲ್ಲ ಈಗ. ಆದ್ರೆ ಸಾರ್, ನೀವಾಗಿ ಬಿಚ್ಚೋಕೆ ಹೋಗ್ಬೇಡಿ.' ಆ ಎಚ್ಚರಿಕೆಯನ್ನು ನಿಮಗೂ ದಾಟಿಸುತ್ತೇನೆ. ಬಣ್ಣದ ಪಿಕ್ಚರ್ ಟ್ಯೂಬಿಗೆ 20 ಸಾವಿರ ವೋಲ್ಟಿಗೂ ಮೇಲ್ಪಟ್ಟ ಕರೆಂಟು ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು.

ಆ ಟಿವಿಯಲ್ಲಿ ಮಾರಿಯೋ ಹಾಕಿದಾಗ ಕಾಣುವ ವ್ಯತ್ಯಾಸವನ್ನು ಮಾತಿನಲ್ಲಿ ಹೇಳಲು ನೋಡುತ್ತೇನೆ. ಹೊಸ ಟಿವಿಯಲ್ಲಿ ಪ್ರತಿ ಚುಕ್ಕಿಯೂ ಅಂಚು ಕತ್ತರಿಸಿದ ಚೌಕ. ಮಾರಿಯೋ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತಾನೆ. ಡಬ್ಬಾ ಟಿವಿಯಲ್ಲಿ ಚುಕ್ಕಿಯ ಅಂಚು ಕರಗಿ ಪಕ್ಕದ ಬಣ್ಣದ ಜೊತೆ ಬೆರೆಯುತ್ತದೆ, ಗೆರೆ ಗೆರೆಯ ಮಧ್ಯೆ ಸಣ್ಣ ಕಪ್ಪು ಸಂದು ಉಳಿಯುತ್ತದೆ. ಆಗ ಅದೇ ಮುಖಕ್ಕೆ ದುಂಡು ಬರುತ್ತದೆ. ಚಿತ್ರ ಬಿಡಿಸಿದವರು ಇಂಥ ಟಿವಿಯನ್ನು ಎದುರಿಗಿಟ್ಟುಕೊಂಡೇ ಬಿಡಿಸಿದ್ದರು. ಇನ್ನು ಬಟನ್ ಒತ್ತುವುದಕ್ಕೂ ಮಾರಿಯೋ ನೆಗೆಯುವುದಕ್ಕೂ ನಡುವಿನ ವಿಳಂಬ. ಹೊಸ ಟಿವಿಯಲ್ಲಿ ಅದು ಕಣ್ಣಿಗೆ ಕಾಣದಷ್ಟು, ಆದರೆ ಹೊಂಡಕ್ಕೆ ಬೀಳಲು ಧಾರಾಳ ಸಾಕಾಗುವಷ್ಟು. 'ನನ್ನ ಕೈ ಹೋಯಿತು, ವಯಸ್ಸಾಯಿತು' ಎಂದು ಕೊರಗುವ ನನ್ನ ವಯಸ್ಸಿನವರಿಗೆ ಹೇಳುತ್ತೇನೆ, ತೀರ್ಪು ಕೊಡುವ ಮೊದಲು ಟಿವಿ ಬದಲಿಸಿ ನೋಡಿ.

ಈ ಯಂತ್ರಗಳನ್ನು ಇಟ್ಟುಕೊಳ್ಳುವುದಕ್ಕೆ ನನಗೆ ಇನ್ನೊಂದು ಕಾರಣವೂ ಇದೆ, ಅದು ಬರೀ ಹಳೇ ನೆನಪಿನದಲ್ಲ. ಕ್ಯಾಸೆಟ್ ನನ್ನದು ಎಂದರೆ ನನ್ನದು. ಅದಕ್ಕೆ ಲಾಗಿನ್ ಇಲ್ಲ, ಅಪ್‌ಡೇಟ್ ಇಲ್ಲ, ಚಂದಾ ಇಲ್ಲ. ಮಾಡಿದ ಕಂಪನಿಯೇ ಬಂದು ಬೇಡಿದರೂ ಆಟವನ್ನು ವಾಪಸ್ ಪಡೆಯಲು ಆಗುವುದಿಲ್ಲ. ಈಗಿನ ಆಟಗಳನ್ನು ನಾವು ಕೊಳ್ಳುವುದು ಬಹುಪಾಲು ಅಂತರ್ಜಾಲದ ಅಂಗಡಿಯಲ್ಲಿ, ಆ ಅಂಗಡಿ ಬಾಗಿಲು ಹಾಕಿದರೆ ಮುಗಿಯಿತು. ನಿಂಟೆಂಡೋದ್ದೇ 'ವೀ ಯು' ಮತ್ತು '3ಡಿಎಸ್' ಯಂತ್ರಗಳಿಗಿದ್ದ ಅಂಗಡಿಗಳಲ್ಲಿ 2023ರ ಮಾರ್ಚ್‌ನಿಂದ ಮಾರಾಟ ನಿಂತಿತು. ಡಿಸ್ಕಾಗಿ, ಕ್ಯಾಸೆಟ್ಟಾಗಿ ಎಂದೂ ಬಾರದೆ ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಈಗ ಕೊಳ್ಳುವ ದಾರಿಯಿಲ್ಲ. ಅದೇ ವರ್ಷ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇವತ್ತು ಮಾರಾಟದಲ್ಲೇ ಇಲ್ಲ ಎಂಬುದು ಅದರ ತೀರ್ಮಾನ. ಉಳಿದ ದಾರಿ ಹಳೇ ಕ್ಯಾಸೆಟ್ಟು ಹುಡುಕುವುದು, ಇಲ್ಲವೇ ಕದ್ದ ಪ್ರತಿ. ಸಂಗೀತದಲ್ಲಿ, ಪುಸ್ತಕದಲ್ಲಿ ಹೀಗಾದರೆ ನಾವು ಸುಮ್ಮನಿರುತ್ತಿರಲಿಲ್ಲ. ಆಟ ತಾನೆ ಎಂಬ ಉದಾಸೀನ ಇಲ್ಲಿ ಕೆಲಸ ಮಾಡಿದೆ.

ಆದರೆ ಸ್ವಂತದ್ದು ಎಂದಮೇಲೆ ಚಾಕರಿಯೂ ಸ್ವಂತದ್ದೇ. ನಿಂಟೆಂಡೋ ಫ್ಯಾಮಿಕಾಮ್ ತಯಾರಿಕೆ ನಿಲ್ಲಿಸಿದ್ದು 2003ರಲ್ಲಿ, ರಿಪೇರಿ ನಿಲ್ಲಿಸಿದ್ದು 2007ರಲ್ಲಿ, ಬಿಡಿಭಾಗ ಸಿಗುತ್ತಿಲ್ಲ ಎಂದು. ಹಾಗಾಗಿ ನಾವೇ ಇಂಜಿನಿಯರು. ಮೊದಲನೆಯದಾಗಿ ಕ್ಯಾಸೆಟ್ಟಿಗೆ ಊದುವ ಅಭ್ಯಾಸ. ಆಟ ಬರದಿದ್ದರೆ ಉಫ್ ಎಂದು ಊದಿ ಮತ್ತೆ ಹಾಕುವುದನ್ನು ಜಗತ್ತಿನ ಎಲ್ಲ ಮಕ್ಕಳೂ ಯಾರೂ ಹೇಳಿಕೊಡದೆ ಕಲಿತರು. ಅದರಿಂದ ಆಟ ಬರುತ್ತಿದ್ದುದು ಊದಿದ್ದಕ್ಕಲ್ಲ, ತೆಗೆದು ಹಾಕಿದಾಗ ಸಂಪರ್ಕ ಸರಿಯಾಗಿ ಕೂತಿದ್ದಕ್ಕೆ. ಉಸಿರಿನ ತೇವ ಮಾತ್ರ ತಾಮ್ರಕ್ಕೆ ಹತ್ತಿ ಹಸಿರು ಕಟ್ಟುತ್ತದೆ. ಈಗ ನಾನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಿವಿ ಬಡ್ಸ್ ಅದ್ದಿ ಕ್ಯಾಸೆಟ್ಟಿನ ಹಲ್ಲುಗಳನ್ನು ಉಜ್ಜುತ್ತೇನೆ. ಬಡ್ಸಿನ ತುದಿ ಕಪ್ಪಾಗುತ್ತದೆ. ಕಪ್ಪು ಬರುವುದು ನಿಲ್ಲುವ ತನಕ ಬಡ್ಸ್ ಬದಲಿಸಿ ಉಜ್ಜಬೇಕು, ಒಣಗಿದ ಮೇಲೆ ಹಾಕಬೇಕು. ಮಲೆನಾಡಿನ ಕಡೆಯವರು ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಹಾಗೇ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಪೊಟ್ಟಣಗಳನ್ನು ಎಸೆಯದೆ ಕ್ಯಾಸೆಟ್ ಡಬ್ಬಿಗೆ ಹಾಕಿ. ಜೊತೆಗೆ ವಾರಕ್ಕೊಮ್ಮೆಯಾದರೂ ಹಚ್ಚಿ ಆಡಿ, ಯಂತ್ರದ ಬಿಸಿಗೆ ತೇವ ಹೋಗುತ್ತದೆ.

ಕರೆಂಟಿನದು ಇನ್ನೂ ಗಂಭೀರ. ಜಪಾನಿನ ಮನೆಗಳ ಕರೆಂಟು 100 ವೋಲ್ಟು, ನಮ್ಮದು 230. ಅಲ್ಲಿಂದ ಬಂದ ಅಡಾಪ್ಟರನ್ನು ನಮ್ಮ ಪ್ಲಗ್ಗಿಗೆ ನೇರ ಸಿಕ್ಕಿಸಿದರೆ ಹೊಗೆಯೇ ಗತಿ. ಫ್ಯಾಮಿಕಾಮಿಗೆ ಬೇಕಾದ್ದು 10 ವೋಲ್ಟ್ ಡಿಸಿ. ಇನ್ನೊಂದು ಸೂಕ್ಷ್ಮವಿದೆ. ಅದರ ಪಿನ್ನಿನ ನಡುವಿನ ಭಾಗ ನೆಗೆಟಿವ್, ನಮ್ಮ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಅಡಾಪ್ಟರುಗಳಲ್ಲಿ ನಡುವಿನದು ಪಾಸಿಟಿವ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳುವಾಗ 'ಸೆಂಟರ್ ನೆಗೆಟಿವ್' ಎಂದು ಬಿಡಿಸಿ ಹೇಳಿ. ಕೊಂಡ ಮೇಲೂ ಮಲ್ಟಿಮೀಟರ್ ಹಿಡಿದು ನೋಡಿಯೇ ಚುಚ್ಚಿ. ಮೊದಲಿನ ಫ್ಯಾಮಿಕಾಮಿನಲ್ಲಿ ಎವಿ ಸಾಕೆಟ್ ಕೂಡ ಇಲ್ಲ, ಜಪಾನಿನ ಚಾನೆಲ್ಲಿಗೆ ಹೊಂದುವ ಆಂಟೆನಾ ತಂತಿ ಅಷ್ಟೆ. ಚಿತ್ರದ ಚಿಪ್ಪಿನಿಂದಲೇ ಸಿಗ್ನಲ್ ಎಳೆದು ಸಣ್ಣ ಟ್ರಾನ್ಸಿಸ್ಟರ್ ಸರ್ಕ್ಯೂಟ್ ಸೇರಿಸಬೇಕು. ಹಳದಿ ತಿರುಗಿದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ನಾನು ಆ ಉಸಾಬರಿಗೆ ಹೋಗುವುದಿಲ್ಲ. ಹಳದಿಯಾಗಿದ್ದರೆ ಆಟಕ್ಕೇನು ನಷ್ಟ?

ಕೆಲವು ಕ್ಯಾಸೆಟ್ಟುಗಳ ಒಳಗೆ ಗುಂಡು ಬ್ಯಾಟರಿ ಇರುತ್ತದೆ. 'ಲೆಜೆಂಡ್ ಆಫ್ ಜೆಲ್ಡಾ' 1987ರಲ್ಲಿ ಅಮೆರಿಕದಲ್ಲಿ ಬಂದದ್ದು ಹಾಗೆ. ಆಡಿದ್ದು ಎಲ್ಲಿವರೆಗೆ ಎಂಬ ಲೆಕ್ಕವನ್ನು ಆ ಬ್ಯಾಟರಿ ಕಾಯುತ್ತದೆ. ಬ್ಯಾಟರಿ ಸತ್ತ ದಿನ ಲೆಕ್ಕವೂ ಸತ್ತಂತೆ. ಮಾರಿಯೋದಲ್ಲಿ ಈ ತಾಪತ್ರಯವೇ ಇಲ್ಲ, ಏಕೆಂದರೆ ಅದರಲ್ಲಿ ಸೇವ್ ಎಂಬುದೇ ಇಲ್ಲ. ನನ್ನ ಮಗಳಿಗೆ ಇದನ್ನು ನಂಬಿಸುವುದು ಕಷ್ಟವಾಯಿತು.

'ಅಪ್ಪಾ, ಸೇವ್ ಎಲ್ಲಿದೆ?' 

'ಇಲ್ಲ ಪುಟ್ಟಾ. ಲೈಫ್ ಮುಗಿದ್ರೆ ಮೊದಲಿಂದ.' 

'ಮೊದಲಿಂದ ಅಂದ್ರೆ, ಮೊ...ದಲಿಂದ?' 

ಹೌದು ಎಂದೆ. ಆಮೇಲೆ ಊಟಕ್ಕೆ ಕರೆದರೂ ಎದ್ದು ಬರಲಿಲ್ಲ. ಪಾಜ್ ಮಾಡಿಟ್ಟು ಬರಬಹುದು ಎಂದರೆ, ಕರೆಂಟ್ ಹೋದರೆ ಎಂದು ನನ್ನನ್ನೇ ಕೇಳಿದಳು. ನಮ್ಮ ಕಾಲದ ಭಯ ಅವಳಿಗೂ ಅಂಟಿತು.

ಆ ಕಾಲದ್ದೆಲ್ಲ ಚಿನ್ನ ಎಂದು ಹೇಳುವ ಜನ ನಾನಲ್ಲ. ಫ್ಯಾಮಿಕಾಮಿನ ಆಟಗಳಲ್ಲಿ ಹೆಚ್ಚಿನವು ಕಳಪೆ. ಸಿನಿಮಾ ಹೆಸರಿಟ್ಟುಕೊಂಡು ಬಂದವನ್ನು ಆಡುವುದಕ್ಕಿಂತ ಹೋಂವರ್ಕ್ ಮೇಲು. ಕೆಲವು ಆಟಗಳು ಕಷ್ಟವಾಗಿದ್ದುದು ಜಾಣತನದಿಂದಲ್ಲ, ಅವು ಚಿಕ್ಕವು ಎಂದು ಗೊತ್ತಾಗದಿರಲಿ ಎಂಬ ಉಪಾಯದಿಂದ. ನಮ್ಮವರು 'ಐಲ್ಯಾಂಡರ್' ಎನ್ನುತ್ತಿದ್ದ 'ಅಡ್ವೆಂಚರ್ ಐಲ್ಯಾಂಡ್' ಮಾತ್ರ ನನ್ನ ಪಟ್ಟಿಯಲ್ಲಿ ಮೇಲೇ ಇದೆ. ಅದರ ಟೋಪಿ ಹಾಕಿದ ನಾಯಕ ಜಪಾನಿನ ಹಡ್ಸನ್ ಕಂಪನಿಯ ನಿಜವಾದ ನೌಕರನ ರೂಪ. ಸೆಕೆಂಡಿಗೆ 16 ಸಲ ಬಟನ್ ಒತ್ತಬಲ್ಲ ಎಂದು ಅಲ್ಲಿನ ಮಕ್ಕಳ ಮಧ್ಯೆ ಹೆಸರಾದ ತಾಕಾಹಾಶಿ ಮೇಜಿನ್ ಆತ.

ಬಟನ್ ಒತ್ತುವ ವಿಷಯ ಬಂತಲ್ಲ, ಅದು ಇವತ್ತಿಗೂ ನಿಂತಿಲ್ಲ. 1989ರಲ್ಲಿ ನಿಂಟೆಂಡೋ ಯಂತ್ರಕ್ಕೆ ಬಂದ 'ಟೆಟ್ರಿಸ್' ಆಟದಲ್ಲಿ 29ನೇ ಲೆವೆಲ್ ಮನುಷ್ಯನ ಕೊನೆ ಎಂದು ವರ್ಷಗಟ್ಟಲೆ ನಂಬಿದ್ದರು. ಅಲ್ಲಿ ಇಟ್ಟಿಗೆ ಬೀಳುವ ವೇಗಕ್ಕೆ ಹೆಬ್ಬೆರಳು ಸಾಲದು. ಆಮೇಲೆ ಯಾರೋ ರಿಮೋಟಿನ ಮುಂಭಾಗದ ಬಟನ್ ಮೇಲೆ ಹೆಬ್ಬೆರಳನ್ನು ಸುಮ್ಮನೆ ಇಟ್ಟು, ಹಿಂಭಾಗವನ್ನು ಉಳಿದ ಬೆರಳುಗಳಿಂದ ತಬಲಾ ನುಡಿಸಿದ ಹಾಗೆ ಬಡಿಯುವುದನ್ನು ಕಂಡುಹಿಡಿದರು. 2023ರ ಡಿಸೆಂಬರಿನಲ್ಲಿ ಅಮೆರಿಕದ ಒಕ್ಲಹೋಮಾದ 13 ವರ್ಷದ ಹುಡುಗನೊಬ್ಬ 157ನೇ ಲೆವೆಲ್ಲಿಗೆ ಹೋದ. ಅಲ್ಲಿ ಪ್ರೋಗ್ರಾಮೇ ಲೆಕ್ಕ ತಪ್ಪಿ ನಿಂತುಬಿಟ್ಟಿತು. ಅವನು ಹುಟ್ಟುವ ಎರಡು ದಶಕ ಮೊದಲು ಬಂದ ಆಟ ಅದು. ಮಾರಿಯೋವನ್ನು 4 ನಿಮಿಷ 55 ಸೆಕೆಂಡಿಗಿಂತ ಕಡಿಮೆಯಲ್ಲಿ ಮುಗಿಸುವವರಿದ್ದಾರೆ, ಅವರು ಈಗ ಹೋರಾಡುತ್ತಿರುವುದು ಸೆಕೆಂಡಿನ ಚೂರುಗಳಿಗೆ. ನಾವಿನ್ನೂ 'ಕಾಂಟ್ರಾ'ದಲ್ಲಿ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿ 30 ಲೈಫ್ ತೆಗೆದುಕೊಳ್ಳುವವರು. ಕೋನಾಮಿಯ ಕಝುಹಿಸಾ ಹಾಶಿಮೋಟೋ ಈ ಗುಟ್ಟನ್ನು 'ಗ್ರೇಡಿಯಸ್' ಎಂಬ ಬೇರೊಂದು ಆಟ ಪರೀಕ್ಷಿಸುವಾಗ ತನ್ನ ಅನುಕೂಲಕ್ಕೆ ಮಾಡಿಕೊಂಡಿದ್ದರು, ಅದು ತನಗೇ ತುಂಬ ಕಷ್ಟವಾಗಿತ್ತಂತೆ. ತೆಗೆಯಲು ಮರೆತದ್ದು ಜಗತ್ತಿಗೆ ವರವಾಯಿತು.

ನಿಮ್ಮ ಅಟ್ಟದ ಮೇಲೆ ಇಂಥ ಪೆಟ್ಟಿಗೆ ಇದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಇಳಿಸಿ. ಅಡಾಪ್ಟರ್ ಪರೀಕ್ಷಿಸದೆ ಕರೆಂಟ್ ಕೊಡಬೇಡಿ. ಸರಿಯಾದರೆ ಮೊದಲು 'ಟ್ಯಾಂಕ್' ಹಾಕಿ, ಅಂದರೆ ನಾಮ್ಕೋ ಕಂಪನಿಯ 1985ರ 'ಬ್ಯಾಟಲ್ ಸಿಟಿ'. ಇಬ್ಬರು ಒಟ್ಟಿಗೆ ಕೂತು ಇಟ್ಟಿಗೆ ಗೋಡೆಯೊಳಗಿನ ಹದ್ದನ್ನು ಕಾಯುವ ಆಟ. ನಿಮ್ಮ ಗುಂಡು ಜೊತೆಗಾರನಿಗೆ ತಾಗಿದರೆ ಅವನು ಸಾಯುವುದಿಲ್ಲ, ಸ್ವಲ್ಪ ಹೊತ್ತು ಅಲ್ಲಾಡಲಾರ, ಅಷ್ಟರಲ್ಲಿ ಶತ್ರು ಬಂದಿರುತ್ತಾನೆ. ನಮ್ಮ ಹದ್ದನ್ನು ನಾವೇ ಹೊಡೆದು ಆಟ ಮುಗಿಸುವ ಸೌಕರ್ಯವೂ ಇದೆ. ಹುಬ್ಬಳ್ಳಿಯಿಂದ ನನ್ನ ತಂಗಿ ಬಂದಾಗಲೆಲ್ಲ ಹಳದಿ ಟ್ಯಾಂಕು ತನಗೇ ಬೇಕು ಎನ್ನುತ್ತಾಳೆ. ಹಳದಿಯೆಂದರೆ ಮೊದಲನೇ ರಿಮೋಟು. ಫ್ಯಾಮಿಕಾಮಿನ ಎರಡನೇ ರಿಮೋಟಿನಲ್ಲಿ ಸ್ಟಾರ್ಟ್ ಬಟನ್ನೇ ಇಲ್ಲ, ಪಾಜ್ ಮಾಡುವ ಅಧಿಕಾರ ಪೂರ್ತಿ ಮೊದಲನೆಯವರ ಕೈಯಲ್ಲಿ. ಯಾವುದು ಯಾರಿಗೆ ಎಂದು ಕ್ಯಾಸೆಟ್ ಹಾಕುವ ಮೊದಲೇ ತೀರ್ಮಾನಿಸಿಕೊಳ್ಳಿ.